ನಾನು ನೀವಾಗಿದ್ದರೆ

ಬಳ್ಳಾರಿಯಲ್ಲಿ ಸಲಹೆ ಕೇಳಬೇಕಿಲ್ಲ. ಮಿರ್ಚಿ ಬಂಡಿ ಮುಂದೆ ಸುಮ್ಮನೆ ನಿಂತರೆ ಸಾಕು. "ಈ ಬಿಸಿಲಾಗ ಬರೇ ತಲೀಲೆ ಬಂದೀಯಲ್ಲೋ, ಬುದ್ಧಿ ಐತೇನ್?" ಎಂದು ಅಪರಿಚಿತರೇ ವಿಚಾರಿಸುತ್ತಾರೆ. ಇಂಗ್ಲಿಷಿನವರು "ಇಫ್ ಐ ವರ್ ಯೂ, ಐ ವುಡ್ ವೇರ್ ಎ ಹ್ಯಾಟ್" ಎನ್ನುತ್ತಾರೆ. ಒಂದು ಟೊಪ್ಪಿಗೆ ಹಾಕಿಸಲು ಪರಕಾಯ ಪ್ರವೇಶ! ಅದೂ 'ಐ' ಪಕ್ಕ 'ವಾಸ್' ಬಿಟ್ಟು 'ವರ್' ಕೂರಿಸಿ, ಇದು ಆಗದ ಮಾತೆಂದು ಮೊದಲೇ ಒಪ್ಪಿಕೊಂಡು.

ಬ್ರಿಟಿಷರ ದಂಡು ಇದ್ದ ಊರು, 1953ರವರೆಗೆ ಮದ್ರಾಸ್ ಆಡಳಿತ. ಆದರೂ ಈ ನಯ ನಮಗೆ ಹತ್ತಲಿಲ್ಲ. ಸಿರುಗುಪ್ಪದ ಗದ್ದೆಯಲ್ಲಿ ಬದು ಒಡೆದಾಗ "ನಾನು ನೀವಾಗಿದ್ದರೆ..." ಎಂದು ಶುರುಮಾಡಿದರೆ, ವಾಕ್ಯ ಮುಗಿಯುವಷ್ಟರಲ್ಲಿ ಭತ್ತ ತುಂಗಭದ್ರೆ ಸೇರಿರುತ್ತದೆ.

ನಮ್ಮಲ್ಲೂ ನಯವಿದೆ ಬಿಡಿ: "ಹೇಳೋದು ಹೇಳೀನಿ, ಮುಂದ ನಿಮ್ಮಿಷ್ಟ." ಬಳ್ಳಾರಿಯಲ್ಲಿ ಅದು ಕೊನೆಯ ಎಚ್ಚರಿಕೆ.