ಚೀಲ ಅಂದ್ರ ಎಷ್ಟ್ ಕೆಜಿ?

ರಾಯಚೂರಿನಲ್ಲಿ ಬಿಸಿಲನ್ನು ಬೈಯದೆ ಹರಟೆ ಶುರು ಮಾಡುವುದು ಸಂಪ್ರದಾಯಕ್ಕೆ ವಿರುದ್ಧ. ಆದರೆ ತೀನ್ ಕಂದೀಲ್ ಹತ್ತಿರ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುವವರೂ ಈಗ ಎಐ ಬಗ್ಗೆಯೇ ಮಾತಾಡುತ್ತಿರುವುದರಿಂದ ಬಿಸಿಲು ಸ್ವಲ್ಪ ಕಾಯಲಿ.

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನವ. ರಜೆಗೆ ಬಂದವನು ಲ್ಯಾಪ್‌ಟಾಪ್ ಬಿಚ್ಚಿ, "ಮಾಮಾ, ರೈತರಿಗಂತ ಒಂದು ಎಐ ಏಜೆಂಟ್ ಮಾಡೀನಿ, ಏನರ ಕೇಳ್ರಿ" ಅಂದ. "ಮಾನ್ವ್ಯಾಗ ನೂರು ಚೀಲ ಭತ್ತಕ್ಕ ಇವತ್ತಿನ ದರದಾಗ ಎಷ್ಟ್ ಬರ್ತದ?" ಅಂತ ಕೇಳಿದೆ. ಅದು ಕಣ್ಣು ಮಿಟುಕಿಸುವುದರೊಳಗೆ ದರ ನೋಡುವ ಸಾಧನ (ಟೂಲ್) ಬಳಸಿ ಕ್ವಿಂಟಲ್ ದರ ತಂದು, ನೂರರಿಂದ ಗುಣಿಸಿ, ಕೊನೆಗೆ ಶುಭಾಶಯವನ್ನೂ ಕೋರಿತು. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ನೂರು ಚೀಲಕ್ಕೆ 75 ಕ್ವಿಂಟಲ್. ಉಳಿದ 25 ಕ್ವಿಂಟಲ್ ಭತ್ತವನ್ನು ಲ್ಯಾಪ್‌ಟಾಪೇ ಬೆಳೆದುಕೊಟ್ಟಿತ್ತು, ನೀರಿಲ್ಲದೆ, ಗೊಬ್ಬರವಿಲ್ಲದೆ.

"ಮಾಡೆಲ್ ಸಣ್ಣದದ ಮಾಮಾ, ದೊಡ್ಡದು ಹಾಕ್ತೀನಿ" ಅಂದ. ಹಾಕಿದ. ಅದೂ ಅದೇ ತಪ್ಪು ಮಾಡಿತು, ಇನ್ನೂ ಒಳ್ಳೆಯ ಕನ್ನಡದಲ್ಲಿ.

"ಆ ದರ ನೋಡೋ ಸಾಧನಕ್ಕ ನೀ ಏನ್ ವಿವರಣೆ ಬರ್ದೀಯಪ?" ಅಂತ ಇಣುಕಿದೆ. ಹೀಗಿತ್ತು: "ಬೆಳೆಯ ದರ ಕೊಡುತ್ತದೆ. ಪ್ರಮಾಣ: ಸಂಖ್ಯೆ." ಅಷ್ಟೇ. ಸಾಮಾನ್ಯವಾಗಿ ಏಜೆಂಟ್‌ಗೆ ಸಾಧನದ ಒಳಗಿನ ಕೋಡ್ ಕಾಣುವುದಿಲ್ಲ. ಕಾಣುವುದು ಹೆಸರು, ಈ ವಿವರಣೆ, ಏನೇನು ತುಂಬಬೇಕೆಂಬ ಪಟ್ಟಿ. ಅಡತಿ ಅಂಗಡಿಗೆ ನಿನ್ನೆ ಸೇರಿದ ಗುಮಾಸ್ತನ ಕೈಗೆ ಚೀಟಿ ಕೊಟ್ಟು ಸಾಹುಕಾರ ಊರಿಗೆ ಹೋದಂತೆ. ಗುಮಾಸ್ತನಾದರೆ ಪಕ್ಕದ ಅಂಗಡಿಯವರನ್ನು ಕೇಳಿಯಾನು. ಈ ಏಜೆಂಟ್ ಸಂಕೋಚದ ಪ್ರಾಣಿ, ಕೇಳುವುದಕ್ಕಿಂತ ಊಹಿಸುವುದೇ ವಾಸಿ ಅನ್ನುವವ.

ಕಾಲುವೆ ನೀರಿನ ಸಾಧನವೂ ಇತ್ತು. ಅದಕ್ಕೆ "ಕಾಲುವೆಯ ಮಾಹಿತಿ ನೀಡುತ್ತದೆ" ಎಂಬ ವಿವರಣೆ. ಯಾವ ಕಾಲುವೆ ಮಹಾರಾಯ? ಮಾನ್ವಿಗೆ ಬರುವುದು ತುಂಗಭದ್ರಾ ಎಡದಂಡೆ ನಾಲೆ, ದೇವದುರ್ಗಕ್ಕೆ ಕೃಷ್ಣೆಯ ನೀರು, ನಾರಾಯಣಪುರ ಬಲದಂಡೆಯಿಂದ. ಎರಡೂ ಒಂದೇ ಜಿಲ್ಲೆ, ನದಿ ಬೇರೆ, ಅಣೆಕಟ್ಟು ಬೇರೆ, ಗೇಟು ತೆರೆಯುವ ದಿನವೂ ಬೇರೆ. ದೇವದುರ್ಗದವನ ಪ್ರಶ್ನೆಗೆ ಅದು ತುಂಗಭದ್ರೆಯನ್ನು ಹರಿಸಿತು. ಎರಡು ನದಿಯ ನಡುವಿನ ಜಿಲ್ಲೆ ನಿಜ. ಹಾಗಂತ ನದಿಗಳನ್ನು ಅದಲು ಬದಲು ಮಾಡಲು ಯಾರೂ ಪರವಾನಗಿ ಕೊಟ್ಟಿಲ್ಲ. ಹೊಲದ ಪಹಣಿ ತೋರಿಸುವ ಸಾಧನದಲ್ಲಿ ಅಳಿಯ ಸರ್ವೆ ನಂಬರನ್ನು "ಸಂಖ್ಯೆ" ಎಂದು ಬರೆದಿದ್ದ. 45/2 ಅಂದರೆ ಏಜೆಂಟ್ ಹಿಸ್ಸಾ ಕತ್ತರಿಸಿ ಬರೀ 45 ಕಳಿಸಿತು. ಅಣ್ಣತಮ್ಮಂದಿರ ಹೊಲವೆಲ್ಲ ಒಂದೇ ಪರದೆ ಮೇಲೆ. ಜಗಳಕ್ಕೆ ಇನ್ನೇನು ಬೇಕು?

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಏಜೆಂಟ್‌ಗೆ ಸಾಧನ ಜೋಡಿಸುವ ಎಂಸಿಪಿ ಎಂಬ ಪದ್ಧತಿ ಬಿಟ್ಟ ಮೇಲೆ ಯಾರು ಬೇಕಾದರೂ ಸಾಧನ ಮಾಡಿ, ವಿವರಣೆ ಅಂಟಿಸಿ ಏಜೆಂಟ್ ಮುಂದಿಡಬಹುದು. ಬರ್ಕ್ಲಿ ವಿಶ್ವವಿದ್ಯಾಲಯದವರು ಯಾವ ಮಾಡೆಲ್ ಸಾಧನಗಳನ್ನು ಸರಿಯಾಗಿ ಕರೆಯುತ್ತದೆ ಎಂದು ಅಂಕಪಟ್ಟಿಯನ್ನೇ ಇಟ್ಟಿದ್ದಾರೆ. ಅಂಕ ಬೀಳುವುದು ಮಾಡೆಲ್‌ಗೆ. ವಿವರಣೆ ಬರೆದ ಅಳಿಯಂದಿರನ್ನು ಫೇಲು ಮಾಡುವವರು ಯಾರು?

ನಾನೇ ಮಾಸ್ತರನಾದೆ. ಪ್ರಶ್ನೆಗಳನ್ನು ಬರೆದು, ಪ್ರತಿಯೊಂದಕ್ಕೂ ಯಾವ ಸಾಧನ ತೆಗೆಯಬೇಕು, ಏನು ತುಂಬಬೇಕು ಅಂತ ಪಕ್ಕದಲ್ಲೇ ಬರೆದೆ. "ಬೀಗರು ಊಟಕ್ಕ ಯಾವಾಗ ಬರ್ತಾರ?" ಅನ್ನುವಂಥವನ್ನೂ ಸೇರಿಸಿದೆ. ಅದಕ್ಕೆ ಏಜೆಂಟ್ ಯಾವ ಸಾಧನವನ್ನೂ ಮುಟ್ಟಬಾರದು. ಅದು ಕಾಲುವೆ ಸಾಧನ ಮುಟ್ಟಿತು, ಬೀಗರು ದೋಣಿಯಲ್ಲಿ ಬರುವವರಂತೆ. ಈ ಏಜೆಂಟ್ ಒಮ್ಮೆ ಸರಿ, ಮರುಸಲ ತಪ್ಪು ಹೇಳುವ ಗಿರಾಕಿ. ಆದ್ದರಿಂದ ಒಂದೇ ಪ್ರಶ್ನೆಯನ್ನು ಹಲವು ಸಲ ಕೇಳಬೇಕು. ವಿವರಣೆಯಲ್ಲಿ ಒಂದು ಸಲಕ್ಕೆ ಒಂದೇ ಸಾಲು ತಿದ್ದಬೇಕು, ಇಲ್ಲದಿದ್ದರೆ ಯಾವ ತಿದ್ದುಪಡಿ ಕೆಲಸ ಮಾಡಿತೆಂಬುದು ತಿಳಿಯದು. ಕೆಲವು ಪ್ರಶ್ನೆಗಳನ್ನು ಅಳಿಯನಿಗೆ ತೋರಿಸದೆ ಜೇಬಿನಲ್ಲಿಟ್ಟುಕೊಂಡೆ. ಪೇಪರ್ ಲೀಕ್ ಆದ ಪರೀಕ್ಷೆಯ ಬೆಲೆ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳಬೇಕೇ?

ಅವನೇನು ಕಡಿಮೆಯೇ? ಸಿಟ್ಟಿನಿಂದ ದರದ ಸಾಧನಕ್ಕೆ ಪುಟಗಟ್ಟಲೆ ಬರೆದು, "ಇದು ಅತ್ಯುತ್ತಮ, ಮೊದಲು ಇದನ್ನೇ ಬಳಸಿ" ಅಂತ ಸೇರಿಸಿದ. ಏಜೆಂಟ್ ಹೊಗಳಿಕೆಗೆ ಮರುಳಾಗಿ ಪಹಣಿ ಕೇಳಿದರೂ ಭತ್ತದ ದರ ಹೇಳತೊಡಗಿತು. ಕೊನೆಗೆ ಉಳಿದದ್ದು ನಾಲ್ಕು ಸಾಲು: ದರ ಕ್ವಿಂಟಲ್‌ಗೆ; ಭತ್ತದ ಚೀಲ 75 ಕೆಜಿ; ಮಾನ್ವಿ, ಮಾನವಿ ಎರಡೂ ಒಂದೇ ಊರು; ನೀರು, ಪಹಣಿ ಕೇಳಿದರೆ ಇದನ್ನು ಬಳಸಬೇಡ. ಆ ಕೊನೆಯ "ಬೇಡ" ಬರೆಯುವುದಕ್ಕೆ ಇಂಜಿನಿಯರುಗಳಿಗೆ ಯಾಕಷ್ಟು ಜೀವ ಭಾರವೋ. ಸಣ್ಣ ಮಾಡೆಲ್ಲೇ ಪಾಸಾಯಿತು. ಜೇಬಿನ ಪ್ರಶ್ನೆಗಳಲ್ಲಿ ಮಾತ್ರ ಒಂದೆರಡು ತಪ್ಪಿದವು, ಅದಕ್ಕೆ ಅವನು ನನ್ನ ಅಕ್ಷರವನ್ನು ದೂರಿದ.

ರೈತರಿಗಂತ ಎಐ ಮಾಡುವ ತಮ್ಮಂದಿರೇ, ತಂಗಿಯರೇ, ಪರೀಕ್ಷೆಯ ಪ್ರಶ್ನೆಗಳನ್ನು ಆಫೀಸಿನಲ್ಲಿ ಕೂತು ಹೆಣೆಯಬೇಡಿ. ರಾಯಚೂರು ಎಪಿಎಂಸಿಗೆ ಹತ್ತಿ ಬರುವ ಹೊತ್ತಿಗೆ ಬಂದು ನಿಂತುಕೊಳ್ಳಿ, ದೇವದುರ್ಗದ ಬಸ್ಸಿನಲ್ಲಿ ಕೂತು ಕಿವಿಗೊಡಿ. ಪ್ರಶ್ನೆಗಳನ್ನು ನಾವು ಪುಕ್ಕಟೆ ಕೊಡುತ್ತೇವೆ.