ಒಂದು ನೂಲಿನ ಅಂತರ

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಒಂದು ಶನಿವಾರ ಬಾಗಿಲು ತಟ್ಟಿ, ‘ಹತ್ತು ನಿಮಿಷ ಕೈಜೋಡಿಸುತ್ತೀಯಾ?’ ಎಂದ. ಅದು ಮಾರ್ಚ್ ತಿಂಗಳು. ಜೋಡಿಸಿದ ಕೈ ನನಗೆ ವಾಪಸು ಸಿಕ್ಕಿದ್ದು ಅಕ್ಟೋಬರಿನಲ್ಲಿ.

ಅವನ ಗ್ಯಾರೇಜಿನಲ್ಲಿ ಚಕ್ರ, ಎಂಜಿನ್ ಎಲ್ಲ ಇದ್ದು ಮೈಯೊಂದಿಲ್ಲದ ಉಕ್ಕಿನ ಷಾಸಿ. ಅಂಗಳದಲ್ಲಿ ಮಗುಚಿದ ದೊಡ್ಡ ಹರಿವಾಣದಂಥ ಫೈಬರ್‌ಗ್ಲಾಸ್ ಬಾಡಿ. ಎರಡನ್ನೂ ಕೂಡಿಸಿದರೆ ಕೋಬ್ರಾ ಕಾರಿನ ತದ್ರೂಪು. 1962ರಲ್ಲಿ ಕ್ಯಾರೊಲ್ ಶೆಲ್ಬಿ ಎಂಬ ಅಮೆರಿಕದವನು ಇಂಗ್ಲೆಂಡಿನ ಎ.ಸಿ. ಕಂಪನಿಯ ಪುಟ್ಟ ಕಾರಿಗೆ ಫೋರ್ಡ್‌ನ ವಿ-8 ಎಂಜಿನ್ ತುರುಕಿ ಹುಟ್ಟಿಸಿದ ಹಾವು ಅದು. ಅಸಲಿಯದು ಅಲ್ಯುಮಿನಿಯಮ್ ಮೈ. ಅದರ ಬೆಲೆ ಕೇಳಿದರೆ ಕಚ್ಚದೆಯೇ ವಿಷ ಏರುತ್ತದೆ.

ಬಿಡಿಭಾಗ ತಂದು ಮನೆಯಲ್ಲೇ ಕಾರು ಕಟ್ಟುವುದು ಇಲ್ಲಿಯವರಿಗೆ ಹಳೆಯ ಚಟ. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬರುವವರೆಗೂ ಇಡೀ ಕಾರಿಗೆ ಖರೀದಿ ತೆರಿಗೆ, ಬಿಡಿಸಿಟ್ಟ ಕಾರಿಗೆ ಇಲ್ಲ. ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆಯವರು ಹಿಡಿಯುತ್ತಾರೆಂದು ಕಾರು ತಯಾರಿಸುವ ಲೋಟಸ್‌ನವರು ಬಿಚ್ಚುವ ವಿಧಾನ ಬರೆದುಕೊಡುತ್ತಿದ್ದರಂತೆ. ಕೊಂಡವರು ಅದನ್ನು ಕೊನೆಯಿಂದ ಓದಿಕೊಂಡು ಬರಬೇಕು. ಕತೆಯೋ ನಿಜವೋ, ನಮ್ಮ ಅಜ್ಜ ಮಾತ್ರ ಜೋಡಿಸುವುದು, ಬಿಚ್ಚುವುದು ಎರಡನ್ನೂ ಸಮಸಮವಾಗಿ ಮಾಡುತ್ತಿದ್ದ.

ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಬಾಡಿಯನ್ನು ಷಾಸಿಯ ಮೇಲೆ ಇಳಿಸಿದೆವು. ಎಡಗಡೆ ಚಕ್ರ ಕಮಾನಿನ ನಟ್ಟನಡುವೆ, ಮಂಟಪದಲ್ಲಿ ಕೂತ ಗಣಪತಿಯ ಹಾಗೆ. ಬಲಗಡೆಯದು ಹೊರಗೆ ಇಣುಕುತ್ತಿತ್ತು. ಬಲಕ್ಕೆ ಸರಿಸಿದೆವು; ಎಡದ ಬಾಗಿಲು ಮುಚ್ಚಲಿಲ್ಲ. ಹಿಂದೆ ರಬ್ಬರ್ ತುಂಡು, ವಾಷರ್ ಕೊಟ್ಟು ಎತ್ತರಿಸಿದೆವು; ಮುಂದೆ ಬಾನೆಟ್ ಬಾಯಿ ತೆರೆಯಿತು. ಎತ್ತು ಏರಿಗೆ, ಕೋಣ ನೀರಿಗೆ.

ತಪ್ಪು ಯಾರದೆಂದು ಟೇಪು ಹಿಡಿದೆವು. ಷಾಸಿಯ ಕರ್ಣಗಳು ಎರಡೂ ಸಮ, ಅದು ನಿರಪರಾಧಿ. ಬಾಡಿಯ ಎಡಕ್ಕೂ ಬಲಕ್ಕೂ ನಮ್ಮೂರ ಬಡಗಿಯ ಲೆಕ್ಕದಲ್ಲಿ ಒಂದು ನೂಲು ವ್ಯತ್ಯಾಸ. ‘ಅಸಲಿಯನ್ನೂ ಕೈಯಲ್ಲೇ ತಟ್ಟಿದ್ದು, ಅದಕ್ಕೂ ಎಡಬಲ ಸಮ ಇರಲಿಲ್ಲ’ ಎಂದ ಅಜ್ಜ, ಮನೆತನದ ಗುಣ ಎಂಬ ಹೆಮ್ಮೆಯಲ್ಲಿ.

ಬಾಗಿಲ ಸುತ್ತ ನಾಲ್ಕು ಮಿಲಿಮೀಟರ್ ಸಂದು ಬೇಕಿತ್ತು. ಹೆಚ್ಚಿದ್ದಲ್ಲಿ ತುಂಬಬೇಕು, ಕಡಿಮೆಯಿದ್ದಲ್ಲಿ ಉಜ್ಜಬೇಕು. ಉಜ್ಜುವುದು ನನ್ನ ಪಾಲಿಗೆ ಬಂತು. ಗಾಜಿನ ನಾರಿನ ಪುಡಿ ತೋಳಿಗೆ ತಗುಲಿದರೆ ನಸುಗುನ್ನಿ ಕಾಯಿ ಮೈಗೆ ಹತ್ತಿದಂತೆಯೇ. ಬಿಸಿನೀರು ಹುಯ್ದುಕೊಂಡು ಇನ್ನಷ್ಟು ಕುಣಿದೆ. ಮೊದಲು ತಣ್ಣೀರು ಎಂದು ಅಜ್ಜ ಆಮೇಲೆ ಹೇಳಿದ. ಅವನ ಉಪದೇಶವೆಲ್ಲ ಆಮೇಲಿನದೇ.

ತುಂಬುವುದು ಇನ್ನೊಂದು ವ್ರತ. ರೆಸಿನ್‌ಗೆ ಚಮಚೆಯ ಲೆಕ್ಕದಲ್ಲಿ ಗಟ್ಟಿಕಾರಕ ಬೆರೆಸಬೇಕು. ಹೆಚ್ಚಾದರೆ ಡಬ್ಬಿಯಲ್ಲೇ ಬಿಸಿಯೇರಿ ಕಲ್ಲಾಗುತ್ತದೆ. ಚಳಿಯಿದ್ದರೆ ಮರುದಿನವೂ ಅಂಟಂಟು. ನೋಡಲು ಬಂದ ನನ್ನ ಹೆಂಡತಿಗೆ ಒಂದೇ ನೋಟಕ್ಕೆ ಅರ್ಥವಾಯಿತು: ‘ಹೆಪ್ಪು ಸಾಲ್ದು ಕಣ್ರೀ. ಬೆಚ್ಚಗಿಡಿ.’ ಅಜ್ಜ ದೀಪವೊಂದನ್ನು ಹತ್ತಿರ ತಂದಿಟ್ಟ. ಗಟ್ಟಿಯಾಯಿತು. ಅಂದಿನಿಂದ ಅವನಿಗೆ ಅವಳ ಮಾತೆಂದರೆ ವೇದ, ಭಾಷೆ ತಿಳಿಯದಿದ್ದರೂ.

ಹನ್ನೊಂದನೆಯ ಸಲ ಇಳಿಸಿದಾಗ ಎಲ್ಲ ಕೂತಿತು. ಬಾಗಿಲು ‘ಟಪ್’ ಎಂದು ಮುಚ್ಚಿತು. ಅಜ್ಜ ಬೋಲ್ಟುಗಳನ್ನೆಲ್ಲ ಬಿಗಿದು, ಹೆಡ್‌ಲೈಟು ಕೂಡಿಸಿ, ‘ನಿನ್ನ ಹೆಂಡತಿಯನ್ನು ಕರೆದುಕೊಂಡು ಬಾ’ ಎಂದ. ಅವಳು ಹತ್ತು ಅಡಿ ದೂರ ನಿಂತು ತಲೆ ವಾಲಿಸಿದಳು.

‘ರೀ, ಒಂದು ಕಣ್ಣು ಮೆಳ್ಳೆ ಅಲ್ವಾ?’

‘ಏನಂದಳು?’ ಎಂದ ಅಜ್ಜ, ಆಸೆಯಿಂದ.

‘ಬಣ್ಣ ತುಂಬ ಚೆನ್ನಾಗಿದೆಯಂತೆ.’

‘ಇನ್ನೂ ಬಣ್ಣವೇ ಹೊಡೆದಿಲ್ಲವಲ್ಲ!’ ಎಂದವನು, ಅವಳ ಪಕ್ಕಕ್ಕೆ ಬಂದು, ಅವಳ ಹಾಗೆಯೇ ತಲೆ ವಾಲಿಸಿ ನಿಂತ. ನಾನು ಮೆಲ್ಲಗೆ ಕೋಟು ಕಳಚಿ ಮೊಳೆಗೆ ನೇತುಹಾಕಿದೆ.