ಸೈಕಲ್ ಬಳಗದ ಸಂಚಾಲಕ

ಆಫೀಸಿಗೆ ಸೈಕಲ್ಲಿನಲ್ಲೇ ಹೋಗಿ ಎಂದು ಸಾರುವ ಬಳಗಗಳು ಬೆಂಗಳೂರಿನಲ್ಲಿ ಹಲವಿವೆ. ಪ್ರತಿಯೊಂದಕ್ಕೂ ಒಬ್ಬ ಸಂಚಾಲಕನಿರುತ್ತಾನೆ. ಈತ ನಲವತ್ತರ ಆಸುಪಾಸಿನವನು, ಹೊರವರ್ತುಲ ರಸ್ತೆಯ ಯಾವುದಾದರೊಂದು ಟೆಕ್ ಪಾರ್ಕಿನ ಉದ್ಯೋಗಿ. ಹುಟ್ಟಾ ಸೈಕಲ್ ಪ್ರೇಮಿಯೇನಲ್ಲ. ಕಾಲೇಜು ಮುಗಿದಾಗ ಸೈಕಲ್ ಬಿಟ್ಟು ಬೈಕ್ ಹತ್ತಿದವನು, ಮದುವೆಯಾದ ಮೇಲೆ ಬೈಕ್ ಬಿಟ್ಟು ಕಾರು ಹತ್ತಿದವನು, ಕೊಲೆಸ್ಟರಾಲ್ ವರದಿ ಕೈಗೆ ಬಂದ ದಿನ ಕಾರಿನಿಂದ ಇಳಿದವನು. ಪರಿಸರ ಕಾಳಜಿ ಅದಾದ ಎರಡು ಮೂರು ವಾರಕ್ಕೆ ಹುಟ್ಟುತ್ತದೆ.

ಮೊದಲು ಕೊಳ್ಳುವ ಸೈಕಲ್ಲು ಅಗ್ಗದ್ದು. ಎರಡನೆಯದು ಗೇರಿನದು, ಮೂರನೆಯದು ಕಾರ್ಬನ್ನಿನದು. ಬೆಲೆ ಏರಿದಷ್ಟೂ ಸೈಕಲ್ಲಿನಲ್ಲಿ ಸಿಗುವ ಸಾಮಾನು ಕಡಿಮೆಯಾಗುವುದು ಈ ವ್ಯಾಪಾರದ ವೈಚಿತ್ರ್ಯ. ಪೇಪರ್ ಹಾಕುವ ಹುಡುಗನ ಸೈಕಲ್ಲಿಗೆ ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು, ಬೆಲ್ಲು, ಚೈನ್ ಕವರು ಎಲ್ಲ ಅಂಗಡಿಯಿಂದಲೇ ಬರುತ್ತವೆ. ಲಕ್ಷ ದಾಟಿದ ಸೈಕಲ್ಲಿಗೆ ಇವೊಂದೂ ಇಲ್ಲ. ಕೆಲವಕ್ಕೆ ಪೆಡಲ್ಲೂ ಇರುವುದಿಲ್ಲ, ಅದನ್ನೂ ಬೇರೆ ದುಡ್ಡು ಕೊಟ್ಟು ತರಬೇಕು. ಸ್ಟ್ಯಾಂಡಿಲ್ಲದ್ದರಿಂದ ಸಂಚಾಲಕ ಎಲ್ಲಿ ನಿಂತರೂ ಒಂದು ಗೋಡೆಯನ್ನೋ ಮರವನ್ನೋ ಹುಡುಕುತ್ತಾನೆ. ಮಡ್‌ಗಾರ್ಡಿಲ್ಲದ್ದರಿಂದ ಮಳೆಗಾಲದಲ್ಲಿ ಬೆನ್ನಿನ ಮೇಲೆ ಸೊಂಟದಿಂದ ಕತ್ತಿನವರೆಗೆ ಕೆಸರಿನ ಪಟ್ಟಿ ಹೊತ್ತು ಮೀಟಿಂಗಿಗೆ ಬರುತ್ತಾನೆ. ಗಾಳಿ ಇಳಿದರಂತೂ ಪೂರ್ತಿ ಪರಾಧೀನ. ಪಂಕ್ಚರ್ ಅಂಗಡಿಯವನು ಚಕ್ರದ ಸಪೂರ ವಾಲ್ವನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, "ಸಾರ್, ಇದು ಫಾರಿನ್ ಮಾಲು, ನಮ್ ಪಂಪಿಗೆ ಹಿಡಿಯಲ್ಲ" ಎಂದು ಕೈ ಒರೆಸಿಕೊಳ್ಳುತ್ತಾನೆ.

ಉಡುಪಿನ ವಿಷಯ ಹೆಚ್ಚು ಬೆಳೆಸುವಂಥದ್ದಲ್ಲ. ಮೈಗಂಟುವ ಚಡ್ಡಿಯನ್ನು ಮನೆಯವರು ಬಾಲ್ಕನಿಯಲ್ಲಿ ಒಣಹಾಕದೆ ಬಚ್ಚಲಲ್ಲಿ ಒಣಹಾಕುತ್ತಾರೆ ಎಂದರೆ ಸಾಕು.

ಮಾತಿನಲ್ಲಿ ಸಂಚಾಲಕ ಭೂಗೋಳದ ಮೇಷ್ಟರು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಹವೆ ತಂಪು, ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಊರು ಯಾವುದಿದೆ ಎನ್ನುತ್ತಾನೆ. ಇದೇ ಊರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಕಣಿವೆಗಳಿಗೆ ಇಳಿದು ಮತ್ತೆ ಏರುವಂಥದ್ದೆಂಬುದನ್ನು ಹೊಸ ಸದಸ್ಯರು ತಾವಾಗಿ, ಏದುಸಿರು ಬಿಡುತ್ತ, ಕಂಡುಕೊಳ್ಳಬೇಕು. ಕಾರಿನಲ್ಲಿ ಇಪ್ಪತ್ತು ವರ್ಷ ಓಡಾಡಿದವನಿಗೂ ತಿಳಿಯದ ದಿಣ್ಣೆಗಳು ಮೊದಲ ಸೋಮವಾರವೇ ಮೊಣಕಾಲಿಗೆ ತಿಳಿಯುತ್ತವೆ. ಸಂಜೆ ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರಿಗಿಂತ ಸೈಕಲ್ಲೇ ಬೇಗ ಎಂಬ ಅವನ ಇನ್ನೊಂದು ಮಾತು ಮಾತ್ರ ಅಪ್ಪಟ ಸತ್ಯ. ನಡೆದು ಹೋಗುವವರಿಗೂ ಅದು ಅನ್ವಯಿಸುತ್ತದೆ.

ಸರ್ಕಾರದೊಂದಿಗೆ ಸಂಚಾಲಕನ ಸಂಬಂಧ ಆಸೆ, ಮನವಿ ಪತ್ರ ಮತ್ತು ಫೋಟೊಗಳದು. ನಗರ ಭೂ ಸಾರಿಗೆ ನಿರ್ದೇಶನಾಲಯ 2013ರಲ್ಲಿ 'ಸೈಕಲ್ ದಿನ' ಶುರುಮಾಡಿ ಭಾನುವಾರ ಬೆಳಗ್ಗೆ ಕೆಲವು ರಸ್ತೆಗಳಲ್ಲಿ ಮೋಟಾರು ವಾಹನ ನಿಲ್ಲಿಸಿದಾಗ ಈತ ಹಿಗ್ಗಿದ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಅಲ್ಲಿಗೆ ಬಂದವರು ಎಲ್ಲೆಲ್ಲಿ ಕಾರು ನಿಲ್ಲಿಸಿದರು ಎಂಬುದನ್ನು ಯಾರೂ ಕೇಳಲಿಲ್ಲ. ಜಯನಗರದಲ್ಲಿ ಸೈಕಲ್ ಪಥವಾಯಿತು. ಅಲ್ಲಿ ಕಾರು, ಸ್ಕೂಟರುಗಳು ನೆರಳು ನೋಡಿ ತಂಗಿದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲೇ ಕಂಬ ನೆಟ್ಟು ಪಥ ಬೇರ್ಪಡಿಸಿದರು. ಬೈಕಿನವರು ತಮಗಾಗಿಯೇ ಇಷ್ಟು ಮುತುವರ್ಜಿ ವಹಿಸಿದ್ದಾರೆಂದು ತಿಳಿದು ಸಂತೋಷವಾಗಿ ಅದರೊಳಗೆ ನುಗ್ಗಿದರು. ಮುರಿದ ಕಂಬಗಳ ಫೋಟೊಗಳು ಸಂಚಾಲಕನ ಮೊಬೈಲಿನಲ್ಲಿ ಮಕ್ಕಳ ಫೋಟೊಗಳಿಗಿಂತ ಹೆಚ್ಚಿವೆ.

ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಅದನ್ನು ಗೊತ್ತುಮಾಡಿದ ಮೇಲೆ ಬಳಗ ಪ್ರತಿವರ್ಷ ಟೀಶರ್ಟ್ ಹಂಚುತ್ತದೆ. 2020ರ ಅದೇ ದಿನ ಉತ್ತರ ಪ್ರದೇಶದ ಸಾಹಿಬಾಬಾದಿನಲ್ಲಿ ಅಟ್ಲಾಸ್ ಸೈಕಲ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಸಂಚಾಲಕ ಆ ಸುದ್ದಿಯನ್ನು ಗುಂಪಿಗೆ ಕಳಿಸಿ, ಕಣ್ಣೀರಿನ ಚಿಹ್ನೆ ಹಾಕಿ, ತನ್ನ ಸ್ಪ್ಯಾನಿಷ್ ಚಕ್ರಗಳು ಎಲ್ಲಿಗೆ ಬಂದವೆಂದು ಕೊರಿಯರ್ ಕಂಪನಿಗೆ ಫೋನ್ ಮಾಡಿದ.

ಅವನ ನಿಜವಾದ ಕಷ್ಟ ರಸ್ತೆಯಲ್ಲಿಲ್ಲ, ಆಫೀಸಿನ ಗೇಟಿನಲ್ಲಿದೆ. ಅಡ್ಡಗೋಲು ಸೈಕಲ್ಲಿಗೆ ಏಳುವುದಿಲ್ಲ. ರಿಜಿಸ್ಟರಿನಲ್ಲಿ ವಾಹನ ಸಂಖ್ಯೆ ಬರೆಯುವ ಕಡೆ ಏನು ಬರೆಯಬೇಕೆಂದು ಸೆಕ್ಯುರಿಟಿಯವನಿಗೆ ತಿಳಿಯುವುದಿಲ್ಲ. "ಸಾರ್, ಕಾರಲ್ಲೇ ಬಂದ್ಬಿಡಿ ಸಾರ್, ನಮಗೂ ಸಲೀಸು" ಎಂದು ಬೇಡಿಕೊಳ್ಳುತ್ತಾನೆ. ಸಂಚಾಲಕ ಅವನಿಗೂ ಒಂದು ಕರಪತ್ರ ಕೊಡುತ್ತಾನೆ: ಸೈಕಲ್ ತುಳಿಯುವುದರಿಂದ ಹೃದಯಕ್ಕೆ ಏನೇನು ಲಾಭ ಎಂದು. ಸೆಕ್ಯುರಿಟಿಯವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಪಾಳಿ ಮುಗಿದ ಮೇಲೆ ಜನರೇಟರ್ ಕೋಣೆಯ ಹಿಂದೆ ಒರಗಿಸಿದ್ದ ತನ್ನ ಹಳೆಯ ಹರ್ಕ್ಯುಲಿಸ್ ಹತ್ತಿ ಮನೆಗೆ ಹೋಗುತ್ತಾನೆ. ಆ ಕಟ್ಟಡಕ್ಕೆ ಸೈಕಲ್ಲಿನಲ್ಲಿ ಬರುವವರ ಪಟ್ಟಿ ಬಳಗದಲ್ಲಿದೆ. ಅದರಲ್ಲಿ ಅವನ ಹೆಸರಿಲ್ಲ. ಹೌಸ್‌ಕೀಪಿಂಗಿನವರ ಹೆಸರೂ ಇಲ್ಲ, ಕ್ಯಾಂಟೀನಿನ ಹುಡುಗರದೂ ಇಲ್ಲ. ಅವರ ಬಳಿ ಸವಾರಿ ದಾಖಲಿಸುವ ಆ್ಯಪ್ ಇಲ್ಲವಾದ್ದರಿಂದ ಅವರು ತುಳಿದದ್ದು ಲೆಕ್ಕಕ್ಕೆ ಬರುವುದಿಲ್ಲ.

ಬಂಧುಗಳಲ್ಲಿ ಸಂಚಾಲಕನ ಬಗ್ಗೆ ಮರುಕವಿದೆ. ಹಬ್ಬಕ್ಕೆ ಸೈಕಲ್ಲಿನಲ್ಲಿ ಹೋಗಿ ಇಳಿದರೆ ಅತ್ತೆಯವರು ಬೀದಿಯ ಆ ತುದಿಯಿಂದ ಈ ತುದಿಗೊಮ್ಮೆ ನೋಡಿ, ದನಿ ತಗ್ಗಿಸಿ, "ಕಾರು ಏನಾಯ್ತು ಅಳಿಯಂದ್ರೇ? ಕಂತು ಕಟ್ಟೋದು ಕಷ್ಟ ಆಯ್ತಾ?" ಎಂದು ವಿಚಾರಿಸುತ್ತಾರೆ. ಕಂತು ಇರುವುದು ಸೈಕಲ್ಲಿಗೆ ಎಂದು ಹೇಳುವ ಧೈರ್ಯ ಅವನಿಗಿಲ್ಲ.

ವಾರದ ದಿನಗಳ ಸವಾರಿಗೆ ಬಳಗದಿಂದ ಆರು ಜನ ಬಂದರೆ ಹೆಚ್ಚು. ಭಾನುವಾರ ಹಾಗಲ್ಲ: 1478 ಮೀಟರಿನ ನಂದಿ ಬೆಟ್ಟಕ್ಕೆಂದರೆ ನಸುಕಿಗೇ ಅರವತ್ತು ಜನ ಸೇರುತ್ತಾರೆ, ಇಳಿದ ಮೇಲೆ ಮಸಾಲೆ ದೋಸೆ ಇರುವುದರಿಂದ. ಆಫೀಸಿಗೆ ಹೋಗುವ ದಾರಿಯಲ್ಲೂ ದೋಸೆ ಸಿಗುತ್ತದೆ ಎಂಬ ವಾದವನ್ನು ಸಂಚಾಲಕ ಪ್ರತಿ ತಿಂಗಳ ಸಭೆಯಲ್ಲಿ ಮಂಡಿಸುತ್ತಾನೆ.

ಮನೆಯಿಂದಲೇ ಕೆಲಸ ಬಂದಾಗ ಈ ವರ್ಗಕ್ಕೆ ಒದಗಿದ ಸಂಕಟ ಸಣ್ಣದಲ್ಲ. ಹೋಗಬೇಕಾದ ಆಫೀಸೇ ಇಲ್ಲದಿದ್ದರೆ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವುದೆಂತು? ಸಂಚಾಲಕ ದಾರಿ ಕಂಡುಕೊಂಡ. ಬೆಳಗ್ಗೆ ಬೆನ್ನಿಗೆ ಲ್ಯಾಪ್‌ಟಾಪ್ ಏರಿಸಿ, ಟೆಕ್ ಪಾರ್ಕಿನ ಮುಚ್ಚಿದ ಗೇಟಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಮನೆಗೇ ಬಂದು ಕೆಲಸಕ್ಕೆ ಕೂರುತ್ತಿದ್ದ. ಆ್ಯಪಿನಲ್ಲಿ ಅದನ್ನು ಎರಡು ಪ್ರಯಾಣವೆಂದು ನಮೂದಿಸುತ್ತಿದ್ದ.